ದುಬೈಯಿಂದ ವೇಣೂರಿಗೆ ಐದು ಗಂಟೆ

ಕೊರೋನಾ ಬರುವುದಕ್ಕೆ ಹಿಂದಿನ ಬೇಸಿಗೆ. ವೇಣೂರು ಸುತ್ತಿನ ನಮ್ಮ ಮುಸ್ಲಿಂ ಮನೆಗಳಲ್ಲಿ ತೀರಿಹೋದ ಹೆಂಗಸರನ್ನು ಮೀಯಿಸಿ, ಕಫನ್ ಅಂದರೆ ಬಿಳಿ ಬಟ್ಟೆ ಸುತ್ತಿ ಕೊಡುವ ಕೆಲಸ ನನ್ನದು. ಓದಿದ್ದು ಎರಡನೇ ಕ್ಲಾಸು. ಆದರೆ ವಿಮಾನದ ಲೆಕ್ಕ ಬಾಯಿಪಾಠ. ದುಬೈಯಿಂದ ಮಂಗಳೂರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳಿದರೆ ಹೇಳಲಾರೆ. ಹಾರುವುದು ಮೂರೂವರೆ ಗಂಟೆ, ಇಳಿದು ಮೂಡುಬಿದಿರೆ ದಾರಿಯಾಗಿ ಮನೆ ಮುಟ್ಟಲು ಒಂದೂವರೆ. ಒಟ್ಟು ಐದು.

ಈ ಲೆಕ್ಕ ನನಗೆ ಬೇಕಿತ್ತು. ಮಗ ಬಂದು ಮುಖ ನೋಡುವಾಗ ಮೀಯಿಸಿ ಆಗಿರಬೇಕು, ಬಹಳ ಮೊದಲೂ ಆಗಬಾರದು. ಮೀಯಿಸುವಾಗ ಹೊಟ್ಟೆ ಒತ್ತಬೇಕಾಗುತ್ತದೆ. ನೀರು ತುಂಬಿದ ಮೈಯಾದರೆ ಆಮೇಲೆ ಮೂಗುಬಾಯಿಯಿಂದ ಸೋರುವುದು ನಿಲ್ಲುವುದಿಲ್ಲ.

ಖತೀಜಮ್ಮನದು ಅಂಥ ಮೈ. ಕಿಡ್ನಿ ಹೋಗಿತ್ತು. ಸಂಜೆ ತೀರಿದಳು. ಒಬ್ಬನೇ ಮಗ ರಫೀಕ್ ದುಬೈಯಲ್ಲಿ. ಅವಳ ತಮ್ಮ ಹಸನಬ್ಬ ನನಗೆ ಹೇಳಿದ್ದು ಬೆಳಿಗ್ಗೆ ಏಳಕ್ಕೆ ಫ್ಲೈಟ್ ಎಂದು. ವಿಮಾನ ಹತ್ತಿದೆ ಎಂಬ ಫೋನು ಬಂದ ಗಳಿಗೆಯಿಂದ ಎಣಿಸುವುದು ನನ್ನ ಕ್ರಮ. ಅಂದು ಹಸನಬ್ಬನ ಮಾತು ನಂಬಿ ಫೋನಿಗೆ ಕಾಯಲಿಲ್ಲ. ಏಳಕ್ಕೆ ಐದು ಕೂಡಿಸಿ, ಹತ್ತೂವರೆಗೆ ನೀರು ಹಾಕಿದೆ.

ಹನ್ನೆರಡಕ್ಕೆ ಬಂದದ್ದು ರಫೀಕನಲ್ಲ, ಅವನ ಫೋನು. ಹಸನಬ್ಬ ಬಾಗಿಲಲ್ಲಿ ನಿಂತ.

"ಮಾಮಿ, ಅವನು ಈಗ ಇಳಿದದ್ದಂತೆ. ಏಳು ಗಂಟೆ ಅಂದದ್ದು ಅಲ್ಲಿಯ ಏಳು."

"ಅಲ್ಲಿ ಏಳಾದರೆ ಇಲ್ಲಿ ಎಂಟೂವರೆ. ನೀನು ಹತ್ತು ವರ್ಷ ಅಲ್ಲಿ ಗಡಿಯಾರ ಕಟ್ಟದೆ ಇದ್ದದ್ದಾ ಮಾರಾಯ?"

"ಅಕ್ಕ ಹೋದ ಬೇಜಾರಿನಲ್ಲಿ ತಲೆ ಓಡಲಿಲ್ಲ. ಸ್ವಲ್ಪ ಕಾಯುವ ಮಾಮಿ."

"ಕಾಯಬೇಕಾದದ್ದು ನಾನಲ್ಲ, ಅವಳ ಮೈ. ಒಳಗೆ ಬಂದು ನೋಡು."

ಮೂಗಿನಿಂದ ರಕ್ತನೀರು ಇಳಿಯುತ್ತಿತ್ತು. ಎರಡು ಸಲ ಹತ್ತಿ ಬದಲಿಸಿದ್ದೆ. ಮುಖ ಊದಿ ಗುರುತು ತಪ್ಪುತ್ತಿತ್ತು. ಹಸನಬ್ಬ ನೋಡಿದ, ಹೊರಗೆ ಹೋಗಿ ಗಂಡಸರಿಗೆ ಇನ್ನು ಕಾಯುವುದು ಬೇಡ ಎಂದ. ನಾನು ಮುಖ ಮುಚ್ಚಿ ಗಂಟು ಹಾಕಿದೆ. ಮಧ್ಯಾಹ್ನದ ನಮಾಜು ಮುಗಿದದ್ದೇ ಗಂಡಸರು ಎತ್ತಿಕೊಂಡು ಹೋದರು.

ರಫೀಕ್ ಮುಟ್ಟಿದಾಗ ಮಣ್ಣು ಎಳೆದು ಆಗಿತ್ತು. ಮನೆಗೆ ಬಂದು ನನ್ನೆದುರು ಕೂತ. ತಾಯಿಯ ಮುಖದಲ್ಲಿ ಬೆಳಕಿತ್ತು ಎಂದು ಯಾರೋ ಅವನಿಗೆ ಆಗಲೇ ಹೇಳಿದ್ದರು.

"ಮಾಮಿ, ಉಮ್ಮನ ಮುಖ ಹೇಗಿತ್ತು?"

"ಬೆಳಿಗ್ಗೆ ಚೆನ್ನಾಗಿತ್ತು. ನಾನು ನೀರು ಹಾಕಿದ ಮೇಲೆ ಕೆಟ್ಟಿತು. ಇನ್ನೊಂದೂವರೆ ಗಂಟೆ ಸುಮ್ಮನೆ ಕೂತಿದ್ದರೆ ನಿನಗೆ ಸಿಗುತ್ತಿತ್ತು."

ಅವನು ಕೈಗಡಿಯಾರ ಬಿಚ್ಚಿ ಮುಳ್ಳು ತಿರುಗಿಸಿದ. ಅದು ಅಲ್ಲಿಯವರೆಗೆ ದುಬೈಯ ಗಂಟೆ ತೋರಿಸುತ್ತಿತ್ತು.

ಈಗಲೂ ಈ ಕೆಲಸ ಮಾಡುತ್ತೇನೆ. ವಿಮಾನ ಹತ್ತಿದವನ ದನಿ ನನ್ನ ಕಿವಿಗೇ ಬೀಳದೆ ಒಲೆಯ ಮೇಲೆ ನೀರಿಡುವುದಿಲ್ಲ. ಮನೆಯವರು ಅವಸರ ಮಾಡುತ್ತಾರೆ. ಮಾಡಲಿ. ಮೈಗೆ ಒಮ್ಮೆ ಹಾಕಿದ ನೀರನ್ನು ಹಿಂದೆ ತೆಗೆಯಲು ಬರುವುದಿಲ್ಲ.