ಶೇಂಗಾ ಪೊಟ್ಟಣದಲ್ಲಿ ಬಂದ ಮ್ಯಾಕ್

ನಾನು ಮ್ಯಾಕ್ ಪಕ್ಷದವನು. ಮ್ಯಾಕ್ ಎಂಬ ಯಂತ್ರವನ್ನು ಕಣ್ಣಾರೆ ಕಾಣುವ ಹದಿನಾಲ್ಕು ತಿಂಗಳು ಮೊದಲೇ ಆ ಪಕ್ಷಕ್ಕೆ ಸೇರಿಬಿಟ್ಟಿದ್ದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಆಗ ಕಂಡಿರಲಿಲ್ಲ. ದೇವರನ್ನು ಕಂಡವರು ದೇವರ ವಿಷಯದಲ್ಲಿ ಜಗಳಾಡಿದ್ದನ್ನು ನಾನು ಕೇಳಿಲ್ಲ. ಕಾಣದವರೇ ಗ್ರಂಥ ಬರೆದಿದ್ದಾರೆ, ಖಂಡಿಸಿದ್ದಾರೆ, ಖಂಡನೆಯನ್ನೂ ಖಂಡಿಸಿದ್ದಾರೆ. ಕಂಪ್ಯೂಟರಿನ ವಿಷಯದಲ್ಲಿ ನಾನೊಬ್ಬನೇ ಏಕೆ ಹಿಂದೆ ಬೀಳಲಿ?

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮ್ಯಾಕ್ ಮತ್ತು ಪಿ.ಸಿ. ಎರಡೂ ಮೇಜಿನ ಮೇಲೆ ಕೂರುವ ಕಂಪ್ಯೂಟರುಗಳು. ಅಕ್ಷರ ಜೋಡಿಸಲು, ಚಿತ್ರ ಬರೆಯಲು, ಪುಟ ಕಟ್ಟಲು ಬರುತ್ತವಂತೆ. ಎರಡರಲ್ಲಿ ಯಾವುದು ಮೇಲು ಎಂದು ಹಾನಗಲ್ಲಿನ ಚಾದಂಗಡಿಯಲ್ಲಿ ವರ್ಷಕ್ಕೂ ಮೀರಿ ವಾದ ನಡೆಯಿತು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕು ಜರಡಿ ಹಿಡಿದರೂ ಆಗ ಒಂದು ಮ್ಯಾಕ್ ಸಿಗುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಸಿಕ್ಕಿದ್ದರೆ ವಾದ ಅಷ್ಟು ದಿನ ಬದುಕುತ್ತಿರಲಿಲ್ಲ.

ನನ್ನ ಜ್ಞಾನದ ಮೂಲ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನ ಒಂದು ಶೇಂಗಾ ಪೊಟ್ಟಣ. ಶೇಂಗಾ ಮುಗಿದ ಮೇಲೆ ಪೊಟ್ಟಣ ಬಿಚ್ಚಿ ಓದುವುದು ನನ್ನ ಹಳೆಯ ಚಟ. ಓದಲು ಮನೆಯಲ್ಲಿ ಬೇರೇನೂ ಇಲ್ಲದ ಕಾಲದಲ್ಲಿ ಹತ್ತಿದ್ದು. ಅವತ್ತಿನದು ಇಂಗ್ಲಿಷ್ ಪತ್ರಿಕೆಯ ಹಾಳೆ. ಚಿತ್ರದ ಕೆಲಸ ಮಾಡುವವರು ಮ್ಯಾಕನ್ನು ಬಲು ಮೆಚ್ಚುತ್ತಾರೆ ಎಂದು ಅರ್ಧ ಪುಟ ಬರೆದಿತ್ತು. ಕೊನೆಯ ಸಾಲು ‘ಆದರೆ’ ಎಂಬಲ್ಲಿ ಹರಿದಿತ್ತು. ಆ ‘ಆದರೆ’ಯ ಮುಂದಿನದು ಇನ್ನಾರದೋ ಶೇಂಗಾದ ಜೊತೆ ಇನ್ಯಾವುದೋ ಬಸ್ಸು ಹತ್ತಿ ಹೋಗಿತ್ತು. ಇರುವ ಅರ್ಧದ ಮೇಲೆ ನಾನು ಪೂರ್ತಿ ಪಂಡಿತನಾದೆ.

ಇದಕ್ಕೆ ಕಾರಣ ನನ್ನ ಬಿ.ಎ. ಅಕ್ಕಿಆಲೂರಿನ ಹತ್ತಿರದ ನಮ್ಮ ಊರಿನಲ್ಲಿ, ನಮ್ಮ ಓಣಿಯಲ್ಲಿ, ಪದವಿ ಪಡೆದ ಮೊದಲನೆಯವನು ನಾನು. ಕಾಲಿಗೆ ಹತ್ತಿದ ಭತ್ತದ ಗದ್ದೆಯ ಕೆಸರು ತೊಳೆದು ಕಾಲೇಜಿಗೆ ಹೋಗಿ, ಸಂಜೆ ಬಂದು ಮತ್ತೆ ಅದೇ ಕೆಸರಿಗೆ ಇಳಿದು ತೆಗೆದುಕೊಂಡ ಪದವಿ. ಅದರ ಬಗ್ಗೆ ನನಗೆ ಜಂಬವಿದೆ, ಬಿಡುವುದಿಲ್ಲ. ಆದರೆ ಏಳು ತಲೆಮಾರು ಓದಿದ ಮನೆಯವನಿಗೆ ಇರುವ ಒಂದು ಸೌಕರ್ಯ ಮೊದಲ ಪದವೀಧರನಿಗೆ ಇಲ್ಲ. ಅವನು ‘ಗೊತ್ತಿಲ್ಲ’ ಎನ್ನುವ ಹಾಗಿಲ್ಲ. ಗೊಬ್ಬರದ ಚೀಲ, ಔಷಧದ ಬಾಟಲಿ, ಕೋರ್ಟಿನ ನೋಟೀಸು, ರೇಡಿಯೋದ ಹಿಂದಿನ ಚೀಟಿ ಎಲ್ಲ ನನ್ನ ಮುಂದೆ ಬರುತ್ತಿದ್ದವು. “ಬಿ.ಎ. ಆದಾವಗ ಇಷ್ಟು ಗೊತ್ತಿರಂಗಿಲ್ಲೇನು?” ಎಂಬ ಒಂದು ಮಾತು ಸಾಕು, ಗೊತ್ತಾಗಿಬಿಡುತ್ತಿತ್ತು.

ಒಮ್ಮೆ ಸೋದರಮಾವ ಒಂದು ಡಬ್ಬಿ ತಂದ. ಚೀಟಿ ಮುಕ್ಕಾಲು ಕೆರೆದುಹೋಗಿತ್ತು. ನಾನು ಗಂಭೀರವಾಗಿ ತಿರುಗಿಸಿ ನೋಡಿ, ದನಕ್ಕೆ ನೊಣ ಕೂರದಂತೆ ಹಚ್ಚುವುದು ಎಂದೆ. ಅದು ಮರದ ಸಾಮಾನಿಗೆ ಹಚ್ಚುವ ಪಾಲಿಶ್ ಎಂದು ಆಮೇಲೆ ತಿಳಿಯಿತು. ಎಮ್ಮೆ ಎಂಟು ದಿನ ಕಪಾಟಿನಂತೆ ಮಿಂಚಿತು. “ನೊಣ ಕುಂದರಾಕ ಬರತಾವು, ಜಾರತಾವು” ಎಂದು ಮಾವ ಊರೆಲ್ಲ ಹೇಳಿಕೊಂಡು ಬಂದ. ನನ್ನ ಪದವಿಯ ಕೀರ್ತಿ ಬಂಕಾಪುರದವರೆಗೆ ಹೋಯಿತು.

ಇಂಥ ಕೀರ್ತಿವಂತನಿಗೆ ನೌಕರಿ ಮಾತ್ರ ಸಿಗಲಿಲ್ಲ. ಕೈಬರಹ ಚೆನ್ನಾಗಿತ್ತು. ಹಾನಗಲ್ಲಿನಲ್ಲಿ ನೀಲಕ್ಕನ ಪ್ರೆಸ್ಸಿನ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು ಲಗ್ನಪತ್ರಿಕೆಯ ಹೂಬಳ್ಳಿ, ರೈಸ್‌ಮಿಲ್ಲಿನ ಚೀಟಿ, ಚುನಾವಣೆಯ ಪೋಸ್ಟರು ಬರೆಯತೊಡಗಿದೆ. ಇದಕ್ಕೆ ಗ್ರಾಫಿಕ್ ಡಿಸೈನ್ ಎಂಬ ಹೆಸರಿದೆಯೆಂದು ತಿಳಿದದ್ದೂ ಆ ಪೊಟ್ಟಣದಿಂದಲೇ. ಅಲ್ಲಿಯವರೆಗೆ ನಾನು ‘ಚಂದ ಬರಿಯಾವ’ ಆಗಿದ್ದೆ.

ನೀಲಕ್ಕ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಗಂಡ ತೀರಿದ ಮೇಲೆ ಪ್ರೆಸ್ಸು ಹಿಡಿದು, ಸೀಸದ ಅಚ್ಚುಮೊಳೆಗಳನ್ನು ನೋಡುತ್ತಲೇ ಅಕ್ಷರ ಕಲಿತಳು. ಅಚ್ಚುಮೊಳೆಯ ಮೇಲೆ ಅಕ್ಷರ ತಿರುವುಮುರುವಾಗಿರುತ್ತದೆ, ಕೈಯಲ್ಲಿ ಸಾಲು ಕಟ್ಟುವಾಗ ತಲೆಕೆಳಗಾಗಿರುತ್ತದೆ. ಆಕೆಗೆ ಅದೇ ಸರಾಗ. ನಾವು ಓದುವ ನೆಟ್ಟಗಿನ ಕನ್ನಡವೇ ಸ್ವಲ್ಪ ತ್ರಾಸು. ಸಾಲು ಕಟ್ಟಿ ಮುಗಿಸಿ ನನ್ನ ಕಡೆ ಹಿಡಿದು, “ತಮ್ಮಾ, ತಪ್ಪ ಐತೇನ ನೋಡು” ಎನ್ನುತ್ತಿದ್ದಳು. ನಾನು ಕನ್ನಡಕ ಸರಿಪಡಿಸಿಕೊಂಡು, “ಬರೋಬ್ಬರಿ ಐತಕ್ಕ” ಎನ್ನುತ್ತಿದ್ದೆ. ನನಗೆ ಅದರಲ್ಲಿ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಪ್ರೂಫಿನಲ್ಲಿ ತಪ್ಪು ಸಿಕ್ಕರೆ ಶಾಯಿಯ ಮೇಲೆ ಹಾಕುತ್ತಿದ್ದೆ. ಹತ್ತು ವರ್ಷ ಹೀಗೇ ನಡೆಯಿತು.

ಅಷ್ಟರಲ್ಲಿ ಹುಬ್ಬಳ್ಳಿಯ ನಯವಾದ ಲಗ್ನಪತ್ರಿಕೆಗಳ ಕಾಲ ಬಂತು. ನಮ್ಮಲ್ಲೇ ಪತ್ರಿಕೆ ಮಾಡಿಸುತ್ತಿದ್ದ ಹಂಸಭಾವಿಯ ಬೀಗರೂ ಹುಬ್ಬಳ್ಳಿ ಬಸ್ಸು ಹಿಡಿದರು. ಕಾಲಲ್ಲಿ ತುಳಿದು ಅಚ್ಚು ಹಾಕುವ ಹಳೆಯ ಟ್ರೆಡಲ್ ಮಷೀನು, ಅಚ್ಚುಮೊಳೆ ಎಲ್ಲ ಕೊಟ್ಟು ಕಂಪ್ಯೂಟರು ತರುವುದೆಂದು ನೀಲಕ್ಕ ಯೋಚಿಸಿದಳು. ಯಾವುದು ತರಲಿ ಎಂದು ಕೇಳಿದ್ದು ಇಬ್ಬರನ್ನು.

ಒಬ್ಬ ನಾನು. ಇನ್ನೊಬ್ಬರು ಸವಣೂರಿನ ರಾಘಣ್ಣ. ವೇದಾಂತ ಪಾಠ ಹೇಳಿದ ಆಚಾರ್ಯರ ಮನೆತನ, ಹುಬ್ಬಳ್ಳಿಯ ಕಚೇರಿಯೊಂದರಲ್ಲಿ ನೌಕರಿ, ಹೆಂಡತಿಯ ತವರು ಹಾನಗಲ್ಲು. ಮಾವನ ಮನೆಯ ಆರಾಧನೆಯ ಕರೆಪತ್ರ ಮಾಡಿಸಲು ಬಂದವರು, “ಪಿ.ಸಿ. ತೊಗೋರಿ ನೀಲಮ್ಮಾ, ಕಣ್ಣ ಮುಚ್ಚಿ ತೊಗೋರಿ. ನಮ್ಮ ಆಫೀಸಿನ್ಯಾಗ ಅದನ್ನ ಇಟ್ಟಾರ” ಎಂದರು. ರಾಘಣ್ಣ ಅಂದು ಮ್ಯಾಕ್ ಎಂದಿದ್ದರೆ ನಾನು ಪಿ.ಸಿ. ಎನ್ನುತ್ತಿದ್ದೆ; ಈ ಸತ್ಯವನ್ನು ಬರೆಯದೆ ವಿಧಿಯಿಲ್ಲ. ನಾನು ಪೊಟ್ಟಣದ ಇಂಗ್ಲಿಷನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ನನ್ನತ್ತ ನೋಡಿ ನಕ್ಕು, “ಫಕೀರಪ್ಪನವರು ಭಾಳ ಓದ್ಯಾರ” ಎಂದರು. ಆ ನಗು ನನಗೆ ನಾಟಿತು. ಅಲ್ಲಿಂದ ಅದು ಯಂತ್ರದ ಮಾತಾಗಿ ಉಳಿಯಲಿಲ್ಲ.

ಹಾನಗಲ್ಲಿನ ತಾರಕೇಶ್ವರ ಗುಡಿಗೆ ಹೋದಾಗಲೆಲ್ಲ ಶಾಸನದ ಕಲ್ಲುಗಳ ಮುಂದೆ ನಿಲ್ಲುತ್ತೇನೆ. ಹಳೆಯ ಶಾಸನಗಳಲ್ಲಿ ದಾನ ಕೊಟ್ಟವನ ಹೆಸರಿರುತ್ತದೆ, ಕೆಲವೊಮ್ಮೆ ಬರೆದವನದು, ಕಂಡರಿಸಿದವನದು. ಉಳಿ ಯಾವ ಕುಲುಮೆಯದು ಎಂದು ಕೆತ್ತಿದ್ದನ್ನು ನಾನು ಕಂಡಿಲ್ಲ. ಹಾಗೆಂದು ಈ ವಿವೇಕ ಚಾದಂಗಡಿಯಲ್ಲಿ ನನಗೆ ಒಮ್ಮೆಯೂ ನೆನಪಾಗಲಿಲ್ಲ. ಅಲ್ಲಿ ನಮ್ಮ ಓಣಿಯವರೆಲ್ಲ ಮ್ಯಾಕ್ ಕಡೆ, ಯಾಕೆಂದರೆ ‘ನಮ್ಮ ಹುಡುಗ’ ಹೇಳಿದ್ದ. ರಾಘಣ್ಣನ ಮಾವನ ಮನೆಯಿರುವ ಅಗ್ರಹಾರ ಪಿ.ಸಿ. ಕಡೆ. ಎಮ್ಮೆಯ ಮಾವ ಮೀಸೆ ತಿರುವಿ, “ಮ್ಯಾಕಿನ ಮುಂದ ಅದ್ಯಾವುದರೀ ಪೀಸಿ!” ಎಂದು ಸವಾಲು ಹಾಕುತ್ತಿದ್ದ. ಮ್ಯಾಕನ್ನು ಹಿಂಡುತ್ತಾರೋ ಹೂಡುತ್ತಾರೋ ಅವನಿಗೆ ತಿಳಿಯದು. ನನಗಾದರೂ ಏನು ತಿಳಿದಿತ್ತು?

ನೀಲಕ್ಕನಿಗೆ ಮಾತ್ರ ಇದು ಆಟವಾಗಿರಲಿಲ್ಲ. ಹಿರೇಕೆರೂರಿನ ಪ್ರೆಸ್ಸಿನವನೊಬ್ಬ ಮಷೀನು, ಅಚ್ಚುಮೊಳೆ ಎಲ್ಲವನ್ನೂ ಒಟ್ಟಿಗೆ ಒಯ್ಯುತ್ತೇನೆ, ಸೋಮವಾರ ಲಾರಿ ತರುತ್ತೇನೆ ಎಂದ. ಲಾರಿ ಹೋದರೆ ಆಕೆಯ ಅನ್ನ ಹೋದಂತೆ. ಬರುವ ಕಂಪ್ಯೂಟರ್ ಪೆಟ್ಟಿಗೆ ಅನ್ನ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. “ನೀ ಹೂಂ ಅಂದ್ರ ಕೊಡತೇನಿ ತಮ್ಮಾ. ನೀ ಓದಿದಾವ” ಎಂದಳು. ಜೀವನದಲ್ಲಿ ಮೊದಲ ಸಲ ನನ್ನ ಬಿ.ಎ. ನನಗೇ ಭಾರವಾಯಿತು.

ಪುಣ್ಯಕ್ಕೆ ಅದೇ ಶನಿವಾರ ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಯಂತ್ರಗಳ ಪ್ರದರ್ಶನವಿತ್ತು. ನೀಲಕ್ಕ, ರಾಘಣ್ಣ, ನಾನು ಮೂವರೂ ಹೋದೆವು. ಬಾಗಿಲಲ್ಲಿ ನೀಲಕ್ಕ ಚಪ್ಪಲಿ ಬಿಟ್ಟಳು. ರಾಘಣ್ಣನೂ ಬಿಟ್ಟರು, ಅವರ ಆಫೀಸಿನಲ್ಲಿ ಕಂಪ್ಯೂಟರ್ ಕೋಣೆಗೆ ಹಾಗೇ ಹೋಗುವುದಂತೆ. ನಾನು ಹಿಂದೆ ಬೀಳಬಾರದೆಂದು ಬೂಟು ಬಿಚ್ಚಿದೆ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕಿತು.

ಒಂದು ಮೇಜಿನ ಮೇಲೆ ಮ್ಯಾಕ್, ಪಕ್ಕದ ಮೇಜಿನ ಮೇಲೆ ಪಿ.ಸಿ. ಎರಡರ ಹಿಂದೆಯೂ ಟೈ ಕಟ್ಟಿದ ಒಬ್ಬೊಬ್ಬರು. ಮ್ಯಾಕಿನವರು ಗುಲಾಬಿ ಹೂ ಬರೆದು ತೋರಿಸಿದರು. ಪಿ.ಸಿ.ಯವರು ವ್ಯಾಪಾರದ ಏರಿಳಿತದ ಕಂಬಗಳನ್ನು ನಿಲ್ಲಿಸಿ ತೋರಿಸಿದರು. ನಾನು ಗುಲಾಬಿಗೆ ತಲೆದೂಗಿದೆ, ರಾಘಣ್ಣ ಕಂಬಗಳಿಗೆ. ನೀಲಕ್ಕ ಸೆರಗಿನ ಗಂಟು ಬಿಚ್ಚಿ ತಾನು ಕಟ್ಟಿದ ಒಂದು ಲಗ್ನಪತ್ರಿಕೆ ತೆಗೆದಳು. ಎರಡೂ ಕಡೆಯ ಕಾಕಾ, ಮಾಮಾ, ಅಜ್ಜಂದಿರು ಸೇರಿ ನಾಲ್ವತ್ತು ಹೆಸರಿನದು.

“ಇದನ್ನ ಕಟ್ಟಿ ತೋರಸ್ರಿ,” ಎಂದಳು.

ಟೈಗಳು ಒಂದನ್ನೊಂದು ನೋಡಿಕೊಂಡವು. ಅವತ್ತು ಅವರು ತಂದದ್ದರಲ್ಲಿ ಕನ್ನಡವಿರಲಿಲ್ಲ. “ಬರ್ತದರಿ, ಬೆಂಗಳೂರಿಂದ ತರಿಸಬೇಕು” ಎಂದರು ಇಬ್ಬರೂ. ಈ ಒಂದು ವಿಷಯದಲ್ಲಿ ಎರಡು ಪಕ್ಷಗಳಿಗೂ ಒಮ್ಮತವಿತ್ತು.

“ಯಾವಾಗ?”

“ಬರ್ತದರಿ.”

ಇಷ್ಟು ಕೇಳಿಯೂ ನಾವಿಬ್ಬರು ಪದವೀಧರರು ಸುಮ್ಮನಾಗಲಿಲ್ಲ. “ಗುಲಾಬಿ ನೋಡಿದ್ರ್ಯೋ ಇಲ್ಲೋ?” ಎಂದೆ. “ಗುಲಾಬಿ ತಗೊಂಡು ಏನ ಮಾಡ್ತೀರಿ, ಮುಡಕೋತೀರೇನು?” ಎಂದರು ರಾಘಣ್ಣ. “ಕಂಬಾ ತಗೊಂಡು ಹಂದ್ರಾ ಹಾಕ್ತೀರೇನು?” ಎಂದೆ. ಬರಿಗಾಲಲ್ಲಿ ನಿಂತು ಜಗಳಾಡುವ ವಿದ್ವಾಂಸರನ್ನು ನೋಡಲು ಜನ ಸೇರಿತು. ಆಗ ನೀಲಕ್ಕ ನನ್ನ ತೋಳು ಹಿಡಿದು ತನ್ನ ಕಡೆ ತಿರುಗಿಸಿದಳು.

“ತಮ್ಮಾ, ಸೋಮಾರ ಲಾರಿ ಬರತೈತಿ. ನಿನ್ನ ಮ್ಯಾಕ್ ನಂಬಿ ನನ್ನ ಮಷೀನ ಕೊಡ್ಲೋ, ಬ್ಯಾಡೋ?”

ಗಂಟಲಿನವರೆಗೆ ‘ಕೊಡು’ ಬಂದಿತ್ತು. ಎಮ್ಮೆಗೆ ಪಾಲಿಶ್ ಹಚ್ಚಿಸಿದ ಅದೇ ಗಂಟಲು. ಎಮ್ಮೆ ಮಿಂಚಿ ಸುಮ್ಮನಾಗಿತ್ತು, ನೀಲಕ್ಕ ಮಿಂಚುವವಳಲ್ಲ. ಬೆರಳ ತುದಿಗೆ ಸೀಸದ ಕಪ್ಪು ಹತ್ತಿದ ಆ ಕೈ ಇನ್ನೂ ನನ್ನ ತೋಳಿನ ಮೇಲಿತ್ತು.

“ನನಗ ಗೊತ್ತಿಲ್ಲಕ್ಕ,” ಎಂದೆ.

ಹೋಟೆಲಿನ ಚಾವಣಿ ಕುಸಿಯಲಿಲ್ಲ. ವಿಶ್ವವಿದ್ಯಾಲಯದವರು ಬಂದು ಪ್ರಮಾಣಪತ್ರ ಕಸಿದುಕೊಳ್ಳಲಿಲ್ಲ. ನೀಲಕ್ಕ ಲಗ್ನಪತ್ರಿಕೆಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. “ಇಷ್ಟ ಹೇಳಾಕ ಹದಿನಾಲ್ಕ ತಿಂಗಳ ಬೇಕಾತೇನು?”

ವಾಪಸು ಬರುವ ಬಸ್ಸಿನಲ್ಲಿ ಶಿಗ್ಗಾಂವಿ ದಾಟಿದ ಮೇಲೆ, ಮಾವನ ಮನೆಗೆ ಹೊರಟಿದ್ದ ರಾಘಣ್ಣ ನನ್ನ ಕಿವಿಯ ಹತ್ತಿರ ಬಾಗಿದರು. “ಖರೇ ಹೇಳ್ತೀನಿ ಫಕೀರಪ್ಪ, ಆಫೀಸಿನ ಕಂಪ್ಯೂಟರ್ ಖೋಲಿಯೊಳಗ ನನ್ನ ಯಾರೂ ಬಿಟ್ಟೇ ಇಲ್ಲ. ಚಪ್ಪಲಿ ಬಿಟ್ಟು ಬಾಗಿಲದ ಗಾಜಿನ್ಯಾಗಿಂದ ನೋಡೀನಿ, ಅಷ್ಟ.” ಏಳು ತಲೆಮಾರಿನ ಪಾಂಡಿತ್ಯವೂ ಗಾಜಿನ ಈಚೆಗೇ ನಿಂತಿತ್ತೆಂದು ಕೇಳಿ ನನಗೆ ಆದ ಸಂತೋಷವನ್ನು ಸಜ್ಜನರು ಕ್ಷಮಿಸಬೇಕು. ಇಬ್ಬರೂ ಸೇರಿ ಒಂದು ಪೊಟ್ಟಣ ಶೇಂಗಾ ತಿಂದೆವು. ಹಾಳೆಯನ್ನು ನಾನು ಓದದೆ ಕಿಟಕಿಯಿಂದ ಹೊರಗೆ ಬಿಟ್ಟೆ.

ಸೋಮವಾರ ಲಾರಿ ಖಾಲಿಯೇ ಹೋಯಿತು. ಕನ್ನಡ ಬಂದ ದಿನ ಯಾವ ಪೆಟ್ಟಿಗೆಯಲ್ಲಿ ಬರುತ್ತದೋ ಅದನ್ನು ತರುವುದೆಂದು ನೀಲಕ್ಕ ತೀರ್ಮಾನಿಸಿದ್ದಾಳೆ. ಅಲ್ಲಿಯವರೆಗೆ ಟ್ರೆಡಲ್ ಮಷೀನಿಗೆ ಎಣ್ಣೆ ಬಿಟ್ಟಿದ್ದಾಳೆ. ನಾನು ಈಗಲೂ ಮ್ಯಾಕ್ ಪಕ್ಷದವನೇ. ಪಕ್ಷ ಬಿಡುವುದು ಗಂಡಸುತನವಲ್ಲ ಎಂದು ಮಾವ ಹೇಳಿದ್ದಾನೆ.

ಲಾರಿ ಹೋದ ಆ ಮಧ್ಯಾಹ್ನ ನೀಲಕ್ಕ ಎಂದಿನಂತೆ ಒಂದು ಸಾಲು ಕಟ್ಟಿ ನನ್ನ ಮುಂದೆ ಹಿಡಿದಳು. “ತಪ್ಪ ಐತೇನ ನೋಡು.”

ನಾನು ಕನ್ನಡಕಕ್ಕೆ ಕೈ ಹಾಕಿದೆ. ಅಲ್ಲಿಂದಲೇ ಕೈ ಇಳಿಸಿದೆ.

“ನನಗ ಇದನ್ನ ಓದಾಕ ಬರಂಗಿಲ್ಲಕ್ಕ. ಯಾವತ್ತೂ ಬರತಿರಲಿಲ್ಲ.”

“ಎರಡನೇ ‘ಗೊತ್ತಿಲ್ಲ’ ಹಗೂರ ಬಂತ ನೋಡು,” ಎಂದು ನಕ್ಕು, ಮಣೆಯನ್ನು ಕಾಲಿನಿಂದಲೇ ನನ್ನತ್ತ ಸರಿಸಿದಳು. “ಬಾ, ಕುಂದರು. ಇದು ‘ಅ’.”

ಬಿ.ಎ. ಆಗಿ ಹನ್ನೆರಡು ವರ್ಷ ಕಳೆದ ಮೇಲೆ ನನ್ನ ಅಕ್ಷರಾಭ್ಯಾಸ ಶುರುವಾಯಿತು, ಈ ಸಲ ತಲೆಕೆಳಗಿನಿಂದ.