ಅಜ್ಜಿ, ಜೀಪು ಮತ್ತು ಕಡಲ ತಳದ ಜೀವಗಳು

ಮೂಡಿಗೆರೆಯ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿದಾಗ ಉಳಿದವರು ಕಿಟಕಿಯ ಗಾಜು ಏರಿಸಿಕೊಳ್ಳುತ್ತಾರೆ, ನಾನು ಇಳಿಸುತ್ತೇನೆ. ಡೀಸೆಲ್ಲಿನ ಆ ಘಾಟು ಮೂಗಿಗೆ ಬಡಿದರೆ ಸಾಕು, ಕಳಸದ ಪೇಟೆಯ ಕೊನೆಯಲ್ಲಿದ್ದ ನಮ್ಮ ಮನೆಯ ಜಗಲಿ ಕಣ್ಣೆದುರು ಬಂದು ನಿಲ್ಲುತ್ತದೆ. ಜಗಲಿಯ ಒಂದು ತುದಿಯಲ್ಲಿ ಅಜ್ಜಿಯ ಹೂಬತ್ತಿಯ ಬುಟ್ಟಿ, ಇನ್ನೊಂದು ತುದಿಯಲ್ಲಿ ಶ್ರೀಪತಿ ಚಿಕ್ಕಪ್ಪನ ಜ್ಯಾಕು, ಸ್ಪ್ಯಾನರು, ಕೈ ಒರೆಸಿ ಒರೆಸಿ ಕಪ್ಪಾದ ಹಳೆಯ ಬನೀನು. ಎರಡರ ನಡುವೆ ಅಜ್ಜಿ ಗಡಿಯೊಂದನ್ನು ಹಾಕಿದ್ದಳು. ಅವಳ ಬತ್ತಿಗೆ ಡೀಸೆಲ್ ವಾಸನೆ ತಗಲಿದ ದಿನ ಚಿಕ್ಕಪ್ಪನಿಗೆ ಮಂಗಳಾರತಿಯೇ ಆಗುತ್ತಿತ್ತು. ಪೂಜೆ ಪುನಸ್ಕಾರದ ಮನೆತನದಲ್ಲಿ ಹುಟ್ಟಿ ಜೀಪು ಓಡಿಸಲು ಹೊರಟ ಮಗನ ಮೇಲೆ ಅವಳು ಮೊದಮೊದಲು ಮುನಿಸಿಕೊಂಡಿದ್ದಳಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಆ ಜೀಪಿನ ಮುಂದಿನ ಸೀಟು ಅವಳದೇ ಆಗಿತ್ತು. ಅವಳು ಹತ್ತಿದರೆ ಅಲ್ಲಿ ಕೂತವರು ಯಾರೇ ಇರಲಿ, ಕೇಳುವ ಮೊದಲೇ ಹಿಂದಕ್ಕೆ ಹೋಗುತ್ತಿದ್ದರು.

ಚಿಕ್ಕಪ್ಪನ ಜೀಪು ಕಳಸಕ್ಕೂ ಸಂಸೆಗೂ ಓಡಾಡುತ್ತಿತ್ತು. ಸಂಸೆಯಲ್ಲಿ ಅಜ್ಜಿಯ ತಂಗಿ ಗೌರಿ ಇದ್ದಳು, ನಮಗೆಲ್ಲ ಸಣ್ಣಜ್ಜಿ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ಮೈದುನನ ಮನೆಯ ಒಂದು ಕೋಣೆಯಲ್ಲಿ ಅವಳ ಬದುಕು. ವಾರಕ್ಕೊಮ್ಮೆಯಾದರೂ ಅಜ್ಜಿ ಪತ್ರೊಡೆಯನ್ನೋ ಅಪ್ಪೆಮಿಡಿ ಉಪ್ಪಿನಕಾಯಿಯನ್ನೋ ಕಟ್ಟಿಕೊಂಡು ಅಲ್ಲಿಗೆ ಹೋಗಬೇಕು. ಇಬ್ಬರೂ ಸೇರಿದರೆ ಹರಟೆಗೆ ಕೊನೆಯೇ ಇಲ್ಲ. ಜಗಳವೂ ಆಗುತ್ತಿತ್ತು, ಅದೂ ತಾವಿಬ್ಬರು ಲಂಗ ತೊಟ್ಟಿದ್ದ ಕಾಲದ ವಿಷಯಕ್ಕೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ಸಣ್ಣಜ್ಜಿ ಮಳೆಗಾಲದಲ್ಲಿ ಹಾಸಿಗೆ ಹಿಡಿದವಳು ಮಳೆ ಕಡಿಮೆಯಾದರೂ ಎದ್ದಿರಲಿಲ್ಲ.

ಇಂಥ ಹೊತ್ತಿನಲ್ಲಿ ನನ್ನ ವಿಜ್ಞಾನದ ಪಾಠ ಮನೆಯೊಳಗೆ ಕಾಲಿಟ್ಟಿತು. ನಾನು ಓದುತ್ತಿದ್ದೇನೋ ಇಲ್ಲವೋ ಎಂದು ಅಡುಗೆಮನೆಗೆ ಗೊತ್ತಾಗಬೇಕಾದರೆ ಗಟ್ಟಿಯಾಗಿ ಓದಬೇಕೆಂಬುದು ನಮ್ಮಲ್ಲಿ ಕಾನೂನು. ಅಂದು ಸಂಜೆ ನಾನು ರಾಗವಾಗಿ ಓದುತ್ತಿದ್ದೆ: ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿದ್ದ ಜೀವಿಗಳು ಸತ್ತು ತಳ ಸೇರಿದವು, ಅವುಗಳ ಮೇಲೆ ಕೆಸರು ಮುಚ್ಚಿತು, ಭೂಮಿಯ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಅವೇ ಎಣ್ಣೆಯಾದವು, ಅನಿಲವಾದವು. ಅಜ್ಜಿ ಸೌಟು ಹಿಡಿದೇ ಬಾಗಿಲಿಗೆ ಬಂದಳು. ಯಾವ ಎಣ್ಣೆ ಎಂದು ಕೇಳಿದಳು. ಜೀಪಿನ ಡೀಸೆಲ್ಲು, ಬುಡ್ಡಿದೀಪದ ಸೀಮೆಎಣ್ಣೆ, ನೀನು ಉರಿಸುವ ಗ್ಯಾಸು, ಎಲ್ಲವೂ ಅದೇ ಎಂದು ನಾನು ಹೆಮ್ಮೆಯಿಂದ ಹೇಳಿದೆ. ಸಮುದ್ರದ ಜೀವಿ ಎಂದರೆ ಅವಳ ಲೆಕ್ಕದಲ್ಲಿ ಮೀನು. ಒಲೆಯ ಮೇಲೆ ಮರುದಿನದ ವ್ರತಕ್ಕೆಂದು ಅವಳು ಮಡಿಯಲ್ಲಿ ಕಾಯಿಸುತ್ತಿದ್ದ ಹಾಲಿತ್ತು. ಅವಳು ಗ್ಯಾಸಿನ ಕಿವಿ ತಿರುವಿ ಆರಿಸಿ, ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಸುರಿದುಕೊಂಡಳು.

ಮರುದಿನದಿಂದ ಮನೆಯಲ್ಲಿ ಕಟ್ಟಿಗೆ ಒಲೆಯ ರಾಜ್ಯ. ಒದ್ದೆ ಕಾಫಿ ಕಟ್ಟಿಗೆಯ ಹೊಗೆಯಲ್ಲಿ ಅಮ್ಮ ಕಣ್ಣೀರು ಸುರಿಸುತ್ತ, ನನ್ನನ್ನು ದುರುಗುಟ್ಟಿ ನೋಡುತ್ತ ದೋಸೆ ಹೊಯ್ದಳು. ಚಿಕ್ಕಪ್ಪನಿಗೆ ಮಾತ್ರ ಹಬ್ಬ. ಪ್ಲಾಸ್ಟಿಕ್ ಕೊಡಪಾನವೂ ಅದೇ ಎಣ್ಣೆಯಿಂದ ಆಗಿದ್ದು ಎಂದು ಅವನು ಸುಮ್ಮನೆ ಒಂದು ಕಿಡಿ ಹಾರಿಸಿದ; ಅಜ್ಜಿ ಅಟ್ಟದಿಂದ ತಾಮ್ರದ ಕೊಡ ಇಳಿಸಿದಳು, ಅದನ್ನು ಹೊರುವ ಕೆಲಸ ಅವನ ಪಾಲಿಗೇ ಬಂತು. ಈ ನಗೆಯೆಲ್ಲ ನಿಂತದ್ದು, ಇನ್ನು ಜೀಪು ಹತ್ತುವುದಿಲ್ಲ ಎಂದು ಅಜ್ಜಿ ಹೇಳಿದಾಗ. ಸಂಸೆಗೆ ಹೋಗುವ ಬಸ್ಸೂ ಕುಡಿಯುವುದು ಅದನ್ನೇ ತಾನೆ. ಒಂದು ವಾರ ಕಳೆಯಿತು, ಇನ್ನೊಂದೂ ಕಳೆಯಿತು. ಪಿತೃಪಕ್ಷ ಬಂತು. ಸಣ್ಣಜ್ಜಿ ಗಂಜಿಯನ್ನೂ ಮುಟ್ಟುತ್ತಿಲ್ಲ, ಅಕ್ಕ ಯಾಕೆ ಬರಲಿಲ್ಲ ಎಂದು ಬಾಗಿಲು ನೋಡುತ್ತಾಳೆ ಎಂದು ಸಂಸೆಯಿಂದ ಬಂದವರು ಹೇಳಿದರು. ಅಜ್ಜಿಯ ಮುಖ ಸಣ್ಣದಾಯಿತು. ಆ ಮುಖ ನೋಡಿ, ನಾನು ಯಾಕಾದರೂ ಗಟ್ಟಿಯಾಗಿ ಓದಿದೆನೋ ಅನ್ನಿಸಿತು.

ಮರುದಿನ ಬೆಳಿಗ್ಗೆ ಅವಳು ಸ್ನಾನ ಮಾಡಿ, ತಂಗಿಗೆಂದು ಮಾಡಿದ ತಿಂಡಿಯನ್ನೂ ಆ ಮನೆಯ ಶ್ರಾದ್ಧಕ್ಕೆಂದು ತೆಗೆದಿಟ್ಟಿದ್ದ ಕರಿಎಳ್ಳನ್ನೂ ಗಂಟು ಕಟ್ಟಿ, ಕೊಡೆ ಹಿಡಿದು ನಡೆದೇ ಹೊರಟಳು. ಮಂಡಿ ನೋವಿನ ಅಜ್ಜಿಗೆ ಸಂಸೆಯ ಏರುದಾರಿ! ಅಮ್ಮ ಅವಳ ಜೊತೆಗೆ ನನ್ನನ್ನು ಅಟ್ಟಿದಳು. ಪೇಟೆ ದಾಟುವಷ್ಟರಲ್ಲಿ ಹಿಂದಿನಿಂದ ಜೀಪಿನ ಸದ್ದು. ಚಿಕ್ಕಪ್ಪ ಅವಳನ್ನು ದಾಟಿ ಹೋಗಲೂ ಇಲ್ಲ, ಬಿಟ್ಟು ಹೋಗಲೂ ಇಲ್ಲ. ಮೊದಲ ಗೇರಿನಲ್ಲಿ ಗುರುಗುಟ್ಟುತ್ತ ಹಿಂದೆಯೇ ಬಂದ. ಜೀಪಿನ ತುಂಬ ಜನ, ಸಂತೆ ಚೀಲ, ಒಂದು ಕೋಳಿ ಬುಟ್ಟಿ. ಮೋಡ ಸರಿದು ಎಳೆಬಿಸಿಲು ಬಿದ್ದಿತ್ತು, ದಾರಿ ಬದಿಯ ಹುಲ್ಲೆಲ್ಲ ಮಿನುಗುತ್ತಿತ್ತು. ಮುಂದೆ ಕೊಡೆ ಹಿಡಿದ ಅಜ್ಜಿ, ಹಿಂದೆ ದಿಬ್ಬಣದ ಹಾಗೆ ಜೀಪು. ಎಸ್ಟೇಟಿನ ಮೇಸ್ತ್ರಿಯೊಬ್ಬರು ತಲೆ ಹೊರಹಾಕಿ ಬಹಳ ವಿನಯದಿಂದ, “ಅಮ್ಮಾ, ನೀವು ಹತ್ತಿದ್ರೆ ನಾವೂ ಊಟದ ಹೊತ್ತಿಗೆ ಮನೆ ಸೇರ್ಬಹುದಿತ್ತು” ಅಂದರು. ಅಜ್ಜಿ ತಿರುಗಿ ನೋಡಲಿಲ್ಲ.

ಹಳ್ಳದ ಮೋರಿಯ ಹತ್ತಿರ ಅವಳ ಮಂಡಿ ಸೋತಿತು. ಕಟ್ಟೆಯ ಮೇಲೆ ಕೂತು ಮಂಡಿ ನೀವಿಕೊಂಡಳು. ಸಂಸೆ ಇನ್ನೂ ದೂರವಿತ್ತು. ಮುಂದೆ ಹೋಗಲಾರಳು, ಹಿಂದೆ ಹೋದರೆ ತಂಗಿಯಿಲ್ಲ. ಆಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡು ಪಾಠವನ್ನು ಇನ್ನೊಮ್ಮೆ ಹೇಳು ಅಂದಳು. ಈ ಸಲ ನಾನು ರಾಗ ಎಳೆಯಲಿಲ್ಲ. ಅವು ಮೀನಲ್ಲ, ಹೆಚ್ಚಿನವು ಕಣ್ಣಿಗೂ ಕಾಣದಷ್ಟು ಸಣ್ಣವು, ಪಾಚಿಯ ಹಾಗೆ ನೀರಲ್ಲಿ ತೇಲುತ್ತ ಬಿಸಿಲು ಕುಡಿದು ಬದುಕಿದ್ದವು, ಆ ಬಿಸಿಲೇ ಎಣ್ಣೆಯೊಳಗೆ ಕೂತು ಈಗ ಜೀಪಿನಲ್ಲಿ ಉರಿಯುತ್ತಿದೆ ಎಂದೆಲ್ಲ ನನಗೆ ತಿಳಿದಷ್ಟು ಹೇಳಿದೆ. ಅಜ್ಜಿ ಕೇಳಿದ್ದು ಒಂದೇ.

“ಯಾರಾದ್ರೂ ಕೊಂದ್ರಾ ಅವನ್ನ?”

“ಇಲ್ಲ ಅಜ್ಜಿ. ತಾವಾಗೇ ಸತ್ತು ಕೆಸರಲ್ಲಿ ಹೂತುಹೋದ್ವು.”

ಅವಳು ಹಳ್ಳದ ಕಡೆ ತಿರುಗಿದಳು. “ಹಂಗಾದ್ರೆ ಇಷ್ಟು ಕಾಲ ಅವಕ್ಕೆ ಯಾರೂ ಏನೂ ಮಾಡ್ಲಿಲ್ಲ. ನಾವು ಮಾತ್ರ ಅವನ್ನ ಉರಿಸ್ಕೊಂಡು ಊರೂರು ತಿರುಗ್ತಿದೀವಿ” ಅಂದಳು. ನನಗೆ ಇವತ್ತಿಗೂ ಆ ಮಾತು ಹಾಗೇ ನೆನಪಿದೆ. ನಾನೀಗ ಹೈಸ್ಕೂಲಿನಲ್ಲಿ ಅದೇ ಪಾಠ ಮಾಡುತ್ತೇನೆ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬಂದಿಲ್ಲ.

ಆಮೇಲೆ ಅವಳು ಚಿಕ್ಕಪ್ಪನನ್ನು ಕರೆದು ಎಂಜಿನ್ ಆರಿಸು ಅಂದಳು. ಗಂಟು ಬಿಚ್ಚಿ ಎಳ್ಳು ತೆಗೆದಳು. ಪಿತೃಪಕ್ಷದಲ್ಲಿ ನಮ್ಮ ಹಿರಿಯರಿಗೆಲ್ಲ ತರ್ಪಣ ಕೊಟ್ಟಾದ ಮೇಲೆ, ಕುಲಗೋತ್ರ ಗೊತ್ತಿಲ್ಲದ, ತಮ್ಮವರೆನ್ನುವವರಿಲ್ಲದ ಜೀವಗಳಿಗೂ ಒಂದು ಬೊಗಸೆ ನೀರು ಬಿಡುವುದುಂಟು. ಅದನ್ನು ಇಲ್ಲೇ, ಈಗಲೇ ಬಿಡು ಎಂದು ಅವಳ ಅಪ್ಪಣೆ. ನೀರಲ್ಲೇ ಸತ್ತವಕ್ಕೆ ನೀರು ಬಿಡೋದಾ ಎಂದು ಚಿಕ್ಕಪ್ಪ ನಗಲು ಹೋದ. ಅಜ್ಜಿಯ ಕಣ್ಣಲ್ಲಿ ನೀರು ಕಂಡದ್ದೇ, ಅಂಗಿ ಬಿಚ್ಚಿ, ಜನಿವಾರ ತಿರುವಿ ಹಾಕಿಕೊಂಡು, ಹಳ್ಳಕ್ಕಿಳಿದು ದಕ್ಷಿಣಕ್ಕೆ ಮುಖ ಮಾಡಿ ನಿಂತ. ಅವನು ಮಂತ್ರ ಮರೆತಲ್ಲೆಲ್ಲ ಅಜ್ಜಿ ಮೇಲಿಂದ ಹೇಳಿಕೊಟ್ಟಳು. ಎಳ್ಳು ಬೆರೆತ ನೀರು ಅವನ ಹೆಬ್ಬೆರಳ ಬದಿಯಿಂದ ಇಳಿದು ಹಳ್ಳ ಸೇರಿತು. ಮೇಸ್ತ್ರಿಯವರು ತಲೆಯ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು, ಕೋಳಿ ಮಾತ್ರ ಬುಟ್ಟಿಯೊಳಗಿಂದ ಕೂಗುತ್ತಲೇ ಇತ್ತು. ಎಲ್ಲ ಮುಗಿದ ಮೇಲೆ ಅಜ್ಜಿ ಸೀರೆ ಕೊಡವಿ, ಮುಂದಿನ ಸೀಟಿಗೆ ಹತ್ತಿ ಕೂತು, “ಬೇಗ ಹೊಡಿ ಮಾರಾಯ, ಅವ್ಳು ಕಾಯ್ತಿರ್ತಾಳೆ” ಅಂದಳು.

ಸಣ್ಣಜ್ಜಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಕ್ಕ ಬಂದು ಕೈ ಹಿಡಿದೊಡನೆ ತಿರುಗಿ, ಇಷ್ಟು ದಿನ ಎಲ್ಲಿ ಸತ್ತಿದ್ದೆ ಎಂದು ಕೇಳಿದಳು. ಅಜ್ಜಿ ನಡೆದದ್ದನ್ನೆಲ್ಲ ಬೀದಿಗೇ ಕೇಳುವ ಹಾಗೆ ಹೇಳಿದಳು; ಗ್ಯಾಸು, ತಾಮ್ರದ ಕೊಡ, ಹಿಂದೆ ಬಂದ ಜೀಪು, ಹಳ್ಳದ ತರ್ಪಣ. ಸಣ್ಣಜ್ಜಿ ನಕ್ಕು ನಕ್ಕು ಕೆಮ್ಮಿದಳು. ಅಕ್ಕನ ಕೈಯಿಂದ ಎರಡು ಚಮಚ ಗಂಜಿಯನ್ನೂ ಕುಡಿದಳು. ಆಮೇಲೆ ನಗು ನಿಲ್ಲಿಸಿ, ಮಾಡಿನ ಕಡೆ ನೋಡುತ್ತ, “ಅಕ್ಕಾ, ತಮ್ಮವ್ರು ಅಂತ ಇಲ್ದೋರಿಗೆ ನೀರು ಬಿಡ್ಸಿದ್ಯಲ್ಲ. ನಾ ಹೋದ್ಮೇಲೆ ನನ್ನೂ ಅದ್ರಲ್ಲೇ ಸೇರ್ಸು” ಅಂದಳು.

ಅಜ್ಜಿ ಗಂಜಿಯ ಬಟ್ಟಲು ಕೆಳಗಿಟ್ಟಳು. “ನಿಂಗೆ ಹೆಸ್ರಿದ್ಯಲ್ಲೇ, ಗೌರಿ” ಅಂದಳು. ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪನ ಕಡೆ ನೋಡಿದಳು. ಅವನು ಹೂಂ ಅಂದ.

ದೀಪಾವಳಿಗೆ ಮೊದಲೇ ಸಣ್ಣಜ್ಜಿ ಹೋದಳು. ಕೆಲವು ವರ್ಷದ ಮೇಲೆ ಅಜ್ಜಿಯೂ ಹೋದಳು. ಕಳಸದ ಆ ಮನೆಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿಗಳ ಸಾಲಿದೆ. ಜೀಪು ಯಾವ ಗುಜರಿಗೆ ಹೋಯಿತೋ ಗೊತ್ತಿಲ್ಲ. ಚಿಕ್ಕಪ್ಪ ಮೂಡಿಗೆರೆಯಲ್ಲಿ ನಮ್ಮ ಜೊತೆಗೇ ಇದ್ದಾನೆ, ಮಾತು ಕಡಿಮೆಯಾಗಿದೆ, ತಮಾಷೆ ಇನ್ನೂ ಇದೆ. ಮಹಾಲಯ ಅಮಾವಾಸ್ಯೆಯ ದಿನ ಅವನು ಹಿತ್ತಿಲಲ್ಲಿ ತರ್ಪಣಕ್ಕೆ ಕೂರುತ್ತಾನೆ. ಅಪ್ಪ, ಅಜ್ಜ, ಅಮ್ಮ ಎಂದು ಒಬ್ಬೊಬ್ಬರನ್ನೇ ಮೆಲ್ಲಗೆ ಹೆಸರು ಹಿಡಿದು ಕರೆಯುತ್ತಾನೆ. ಗೌರಿ ಚಿಕ್ಕಮ್ಮನ ಸರದಿ ಬಂದಾಗ ಮಾತ್ರ ದನಿ ಎತ್ತರಿಸಿ ಹೇಳುತ್ತಾನೆ. ಕೊನೆಕೊನೆಗೆ ಅವಳಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ.