ಬೋರಲು ಹಾಕಿದ ಗಂಗಾಳ

ನಮ್ಮ ಮನೆಯವರು ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲೇ ಮಿಷನ್ ಇಟ್ಟುಕೊಂಡು ಹೆಂಗಸರ ಕುಬಸ ಹೊಲಿಯುತ್ತಾರೆ. ಏಳೆಂಟು ವರ್ಷ ವಿಪರೀತ ಕುಡಿದರು. ಬೈದು ನೋಡಿದೆ, ಅತ್ತು ನೋಡಿದೆ, ದೇವರ ಆಣೆ ಹಾಕಿಸಿ ನೋಡಿದೆ. ಕೊನೆಗೆ ನಾನೇ ಒಂದು ನೇಮ ಮಾಡಿಕೊಂಡೆ: ಕುಡಿದು ಬಂದ ದಿನ ಅವರ ಊಟದ ಗಂಗಾಳ ಬೋರಲು. ಸಂಜೆ ಒಳಗೆ ಬಂದವರು ಅದನ್ನು ನೋಡಿ, ಉಣ್ಣದೆ ಹೋಗಿ ಮಲಗುತ್ತಿದ್ದರು. ಬೆಳಿಗ್ಗೆ ಚಹಾ ಬಿಟ್ಟರೆ ಬೇರೇನೂ ಇಳಿಯುತ್ತಿರಲಿಲ್ಲ. ಹಸಿದರೆ ಬುದ್ಧಿ ಬರುತ್ತದೆ ಎಂದುಕೊಂಡಿದ್ದೆ. ಬರಬರುತ್ತ ಕುಡಿಯದ ದಿನವೇ ಇಲ್ಲವಾಯಿತು, ಗಂಗಾಳವೂ ಮೇಲೇಳಲಿಲ್ಲ. ಸೋಮವಾರ ಬಸವೇಶ್ವರನಿಗೆ ಎಡೆ ಹಿಡಿದ ಕೈಯೇ ಅದನ್ನು ಬೋರಲು ಹಾಕುತ್ತಿತ್ತು.

ಒಂದು ಬೆಳಿಗ್ಗೆ ಪಕ್ಕದ ಮನೆಯಾಕೆ ಕುಬಸ ಹಿಡಿದು ಬಂದಳು.

"ಅಣ್ಣಾ, ಕೆಂಪು ಕುಬಸಕ್ಕ ಹಸರು ದಾರ ಹಾಕೀಯಲ್ಲ, ಇದೇನು ಹೊಸಾ ಫ್ಯಾಶನ್ನೇನು?"

ಅವರು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. "ಎಲ್ಲೈತಿ ಹಸರು? ಎರಡೂ ಒಂದ ಅದಾವಲ್ಲ."

"ನಿನ್ನಿ ಕುಡದದ್ದು ಇನ್ನೂ ಇಳಿದಿಲ್ಲ, ಬಿಡವ್ವ," ಎಂದು ನಾನು ಒಳಗಿನಿಂದಲೇ ಅಂದೆ. ಇಬ್ಬರೂ ನಕ್ಕೆವು. ಆ ನಗು ನನಗೆ ಇಂದಿಗೂ ಚುಚ್ಚುತ್ತದೆ.

ವಾರದೊಳಗೆ ಸೂಜಿಗೆ ದಾರ ಪೋಣಿಸಲು ಆಗದೆ ಕೂತುಬಿಟ್ಟರು. "ಲೇ, ನಡುವ ಮಸಿ ಬಡದಂಗ ಆಗೈತಿ. ನಿನ್ನ ಮುಖ ಕಾಣವಲ್ದು," ಅಂದರು. ಆಗ ಬಾಯಿಂದ ಕುಡಿತದ ವಾಸನೆ ಬರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. "ಕುಡಿತದ ಜೊತಿಗೆ ಹೊಟ್ಟಿಗೂ ಇಲ್ಲ ಅಂದ್ರ ಕಣ್ಣಿನ ನರ ಸೊರಗತಾವ. ಊಟ ಬರೋಬ್ಬರಿ ಮಾಡ್ತಿದ್ರೇನು?"

ಬೋರಲು ಹಾಕಿದ ಗಂಗಾಳ ನನ್ನ ಕಣ್ಣ ಮುಂದೆ ಬಂತು.

"ಈಕಿ ಮಾಡಿಡ್ತಿದ್ಲು ಮೇಡಂ. ನಾನ ಒಲ್ಲೆ ಅಂತಿದ್ದೆ," ಅಂದರು ನಮ್ಮ ಮನೆಯವರು.

ಸುಳ್ಳು ಹೇಳಿದ್ದು ಅವರು, ಪಾಪ ಸುತ್ತಿಕೊಂಡದ್ದು ನನಗೆ.

ಕುಡಿತ ಬಿಡಿಸಲು ಒಂದು ವಾರ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಕೈ ನಡುಗಿ ಲೋಟ ಹಿಡಿಯಲಾಗುತ್ತಿರಲಿಲ್ಲ, ನಾನೇ ಗಂಜಿ ಕುಡಿಸಿದೆ. ಮನೆಗೆ ಬಂದ ಮೇಲೆ ಗುಳಿಗೆ, ಕಾಳು, ಸೊಪ್ಪು, ಹಾಲು. ದಿನಾ ಬೆಳಿಗ್ಗೆ ದೀಪ ಹಚ್ಚಿ, ಅವರಿಗೆ ಒಂದಿಷ್ಟು ಕಂಡರೆ ಸಾಕಪ್ಪ ಎಂದು ಕೈ ಮುಗಿಯುತ್ತಿದ್ದೆ. ಮೂರು ತಿಂಗಳಿಗೆ ಒಂದು ಮಧ್ಯಾಹ್ನ ರೊಟ್ಟಿ ಮುರಿಯುತ್ತಾ, "ಲೇ, ಚಟ್ನಿ ಕೆಂಪಗೈತಿ ಅಲ್ಲ?" ಅಂದರು. ಒಲೆಯ ಮುಂದೆ ಕೂತೇ ಅತ್ತೆ. ಅದೇ ಅಳುವಿನಲ್ಲಿ ಹೇಳಿಬಿಟ್ಟೆ, "ನಾ ಗಂಗಾಳ ಬೋರಲು ಹಾಕಿದ್ದಕ್ಕ ಹಿಂಗಾತ್ರಿ."

"ಹುಚ್ಚಿ, ಕುಡದಾವ ನಾನು. ಗಂಗಾಳ ಎತ್ತಿ ಬಡಿಸ್ಕೊಳ್ಳಾಕ ನನ್ನ ಕೈ ಏನ್ ಬಿದ್ದು ಹೋಗಿದ್ವಾ?" ಎಂದು ನಕ್ಕರು.

ಕಣ್ಣು ಪೂರ್ತಿ ಬರಲಿಲ್ಲ. ದಾರದ ಬಣ್ಣ ಹೇಳುವುದು, ಸೂಜಿ ಪೋಣಿಸುವುದು ಈಗ ನನ್ನ ಕೆಲಸ. ದೇವರು ಇಷ್ಟನ್ನಾದರೂ ಉಳಿಸಿದ. ಆದರೆ ಊಟಕ್ಕೆ ಕೂತಾಗ ಅವರ ಬೆರಳು ಇವತ್ತಿಗೂ ಮೊದಲು ಗಂಗಾಳದ ಅಂಚು ಸವರುತ್ತದೆ. ಕಣ್ಣು ಮಂದವಾದ್ದಕ್ಕೋ, ಇವತ್ತೂ ಬೋರಲಿದೆಯೇನೋ ಎಂಬ ಅಂಜಿಕೆಗೋ, ಕೇಳುವ ಧೈರ್ಯ ನನಗಿಲ್ಲ.